ಮನಸ್ಸಿಗೆ ಆಸರೆಯಾಗುವ ನಡಿಗೆ: ಆರಂಭಿಸುವುದು ಹೇಗೆ?

ಕೊಯಮತ್ತೂರಿನಿಂದ ಮೇಟ್ಟುಪಾಳ್ಯದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಪಶ್ಚಿಮಘಟ್ಟದ ಸಾಲನ್ನು ಕಣ್ಣಳತೆಯಲ್ಲೇ ಇರಿಸಿಕೊಂಡಿರುವ ತುಡಿಯಲೂರಿನ ಈ ಸೀಮೆಯಲ್ಲಿ, ಬೀದಿಯಲ್ಲಿ ತಮಿಳನ್ನೂ ಮನೆಯೊಳಗೆ ಕನ್ನಡವನ್ನೂ ಆಡುವ ದೇವಾಂಗ, ಒಕ್ಕಲಿಗ ಕುಟುಂಬಗಳು ತಲೆಮಾರುಗಳಿಂದ ಬಾಳಿಕೊಂಡು ಬಂದಿವೆ. ಇಂತಹ ಮನೆಗಳಲ್ಲಿ ವ್ಯಾಯಾಮದ ಮಾತೆತ್ತಿದೊಡನೆ, ದಿನವಿಡೀ ಮೈಮುರಿದು ದುಡಿಯುವವರಿಗೆ ಅದೇತಕ್ಕೆ ಎಂಬ ಪ್ರಶ್ನೆ ಹುಟ್ಟುವುದು ಸಹಜ.

ಆದರೆ ಇಂತಹ ಮನೆಯಲ್ಲಿ ಮಗ್ಗದ ಮುಂದೆ ಕುಳಿತ ನೇಕಾರನನ್ನು ಒಮ್ಮೆ ಸಮೀಪದಿಂದ ನೋಡಬೇಕು. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು, ಕೊರಳು ಬಾಗಿಸಿ, ಕಡಿದ ಎಳೆಯೊಂದನ್ನು ಬೆರಳ ತುದಿಯಲ್ಲಿ ಹೊಸೆದು ಕೂಡಿಸುತ್ತಿರುವಾಗಲೂ ಅವನ ಚಿತ್ತವು ಸಾಲದ ಕಂತನ್ನು, ಮಗಳ ಮದುವೆಯನ್ನು, ಬಾರದ ಕೂಲಿಯನ್ನು ಎಣಿಸುತ್ತಲೇ ಇರುತ್ತದೆ. ಅಲ್ಲಿ ದೇಹ ದಣಿಯುವುದುಂಟು, ಮನಸ್ಸು ಹಗುರಾಗುವುದಿಲ್ಲ. ಪರರ ಅವಸರಕ್ಕೆ ಮಾಡುವ ದುಡಿಮೆ ಬೇರೆ, ಸ್ವೇಚ್ಛೆಯಿಂದ, ಸ್ವಂತ ಗತಿಯಲ್ಲಿ ಮಾಡುವ ಚಲನೆ ಬೇರೆ.

ಇಂತಹ ಚಲನೆ ಮನಸ್ಸಿಗೆ ಆಸರೆಯಾಗುತ್ತದೆಂಬುದು ಬರಿಯ ಊಹೆಯಲ್ಲ. ಅಮೆರಿಕೆಯ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆಯಿಂದ ಬಳಲುತ್ತಿದ್ದ, 50 ವರ್ಷ ದಾಟಿದ 156 ಮಂದಿಯಲ್ಲಿ ಕೆಲವರಿಗೆ ವ್ಯಾಯಾಮವನ್ನೂ ಕೆಲವರಿಗೆ ಔಷಧವನ್ನೂ ಉಳಿದವರಿಗೆ ಎರಡನ್ನೂ ನೀಡಲಾಯಿತು. ಔಷಧ ಪಡೆದವರು ಮೊದಲು ಬೇಗ ಚೇತರಿಸಿಕೊಂಡರೂ, 16 ವಾರಗಳ ತರುವಾಯ ಮೂರು ಗುಂಪುಗಳ ಫಲವೂ ಹೆಚ್ಚುಕಡಿಮೆ ಸಮವಾಗಿಯೇ ಇದ್ದಿತು.

ಇನ್ನು ಕ್ರಮದ ವಿಚಾರ. ಮೊದಲ ವಾರ ಹತ್ತೇ ನಿಮಿಷ ನಡೆದರೆ ಸಾಕು. ಖಿನ್ನನಾದವನಿಗೆ ಉತ್ಸಾಹ ಮೊದಲು ಬಂದು ನಡಿಗೆ ಆಮೇಲೆ ಆರಂಭವಾಗುವುದು ಅಪೂರ್ವ. ನಡೆಯತೊಡಗಿದ ಮೇಲೆಯೇ ಉತ್ಸಾಹ ಮೆಲ್ಲನೆ ಮೂಡುತ್ತದೆ. ಆದುದರಿಂದ ಹಿಂದಿನ ರಾತ್ರಿಯೇ ಪಾದರಕ್ಷೆಯನ್ನು ಬಾಗಿಲ ಬಳಿ ಇರಿಸತಕ್ಕದ್ದು. ಮನೆಯವರು "ಎದ್ದು ನಡಿ" ಎಂದು ಗದರುವುದರ ಬದಲು "ಬಾಪ್ಪಾ, ಬೀದಿ ಕೊನೇತನಕ ಹೋಗಿ ಬರೋಣ" ಎಂದು ಜೊತೆಗೆ ಹೊರಟರೆ, ಆ ಒಂದು ಮಾತೇ ಅರ್ಧ ಚಿಕಿತ್ಸೆಯೆಂದು ನಾನು ನಂಬಿದ್ದೇನೆ.

ವಾಹನ ದಟ್ಟಣೆಯ ಹೆದ್ದಾರಿಯನ್ನು ಬಿಟ್ಟು ಒಳಬೀದಿಗಳನ್ನು ಆರಿಸಿಕೊಳ್ಳಬೇಕು. ತಡಾಗಂ ಕಣಿವೆಯ ಕಡೆಗೆ ಆನೆಗಳು ಇಳಿದು ಬರುವುದುಂಟಾದ್ದರಿಂದ, ಬೆಟ್ಟದ ತಪ್ಪಲಿನ ದಾರಿಯಲ್ಲಿ ಬೆಳಕು ಹರಿಯುವ ಮುನ್ನ ಒಬ್ಬರೇ ಹೋಗಲಾಗದು.

ವಾರಕ್ಕೆ ಐದೈದು ನಿಮಿಷ ಹೆಚ್ಚಿಸಿಕೊಂಡರೆ ಐದನೆಯ ವಾರಕ್ಕೆ ಅರ್ಧ ಗಂಟೆ ತಲಪಬಹುದು. ವಾರದಲ್ಲಿ ಐದು ದಿನ ಹೀಗೆ ನಡೆದರೆ, ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿರುವ ಕನಿಷ್ಠ 150 ನಿಮಿಷ ಪೂರ್ಣವಾಗುತ್ತದೆ. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲದಿರಬೇಕು. ಇದೇ ವೇಗದ ಅಳತೆ. ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ಸುಶ್ರುತಸಂಹಿತೆಯೂ ವಿಧಿಸಿದೆ. ವಾರಕ್ಕೆರಡು ಬಾರಿ, ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಅಂಗೈಯೂರಿ ಮೈಯನ್ನು ತಳ್ಳುವುದು ಇವನ್ನು ಸೇರಿಸಿದರೆ ಸ್ನಾಯುಗಳೂ ಬಲಗೊಳ್ಳುತ್ತವೆ. ನಡುವೆ ಎರಡು ದಿನ ತಪ್ಪಿದರೆ ಮೂರನೆಯ ದಿನ ಹೊರಡಿ. ತಪ್ಪಿದ್ದಕ್ಕೆ ತನ್ನನ್ನೇ ಹಳಿದುಕೊಳ್ಳುವುದು ಬೇಡ.

ಹೃದ್ರೋಗ, ಮಧುಮೇಹ ಉಳ್ಳವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಮನೋವೈದ್ಯರು ಕೊಟ್ಟ ಮಾತ್ರೆಯನ್ನು, ನಡಿಗೆಯಿಂದ ಗುಣ ಕಂಡಿತೆಂದು ತಾವಾಗಿಯೇ ನಿಲ್ಲಿಸಕೂಡದು. ಎರಡು ವಾರಕ್ಕೂ ಮಿಕ್ಕಿ ನಿದ್ರೆ, ಆಹಾರ, ಆಸೆ ಮೂರೂ ದೂರವಾಗಿದ್ದರೆ, ಇಲ್ಲವೆ ಬದುಕೇ ಬೇಡವೆಂಬ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ, ನಡಿಗೆಯ ಫಲಕ್ಕಾಗಿ ಕಾಯದೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ಕೂಡಲೇ ಕರೆಮಾಡಿ. ಸಂಖ್ಯೆ 14416, ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.