ರಾತ್ರಿಯ ದೀಪಬೇಟೆಯೂ ಬೆಳೆಯ ರಕ್ಷಣೆಯೂ

ಸುಬ್ರಹ್ಮಣ್ಯದ ಸುತ್ತಣ ಗ್ರಾಮಗಳಲ್ಲಿ ಕೃಷಿಕನ ತೋಟಕ್ಕೂ ಕಾಡಿಗೂ ನಡುವೆ ಅನೇಕ ಕಡೆಗಳಲ್ಲಿ ಒಂದು ಅಗಳು ಮಾತ್ರವೇ ಇರುವುದು. ಒಂದು ಮಗ್ಗುಲಲ್ಲಿ ಕುಮಾರಪರ್ವತ ಮತ್ತು 1987ರಲ್ಲಿ ಏರ್ಪಟ್ಟ ಪುಷ್ಪಗಿರಿ ವನ್ಯಜೀವಿಧಾಮ, ಇನ್ನೊಂದು ಮಗ್ಗುಲಲ್ಲಿ ಬಿಸಿಲೆಯ ಅರಣ್ಯ. ಕಾಡುಹಂದಿಯು ಇಲ್ಲಿ ಭತ್ತ, ಮರಗೆಣಸು, ಬಾಳೆ ಮತ್ತು ಎಳೆಯ ತೆಂಗಿನ ಸಸಿಗಳಿಗೆ ಮಾಡುವ ಹಾನಿಯನ್ನು ಕೃಷಿಕರಿಗೆ ವಿವರಿಸಬೇಕಾಗಿಲ್ಲವಷ್ಟೆ.

ಈ ಸಂಕಟವನ್ನೇ ನೆಪಮಾಡಿಕೊಂಡು ಕೆಲವರು ಜೀಪಿನಲ್ಲಿ ಪ್ರಖರವಾದ ದೀಪವನ್ನಿರಿಸಿ, ರಾತ್ರಿ ಕಾಡುದಾರಿಗಳಲ್ಲಿ ಸಂಚರಿಸುತ್ತ, ಬೆಳಕಿಗೆ ಹೊಳೆಯುವ ಕಣ್ಣುಗಳಿಗೆ ಗುರಿಯಿಟ್ಟು ಕೋವಿ ಹಾರಿಸುವರು. ಅವರಿಗೆ ತೋಟದ ದಾರಿಯನ್ನು ಬಿಟ್ಟುಕೊಡುವ ಮಾಲಿಕರೊಬ್ಬರು, "ಅವರಿಗೆ ಮಾಂಸ, ನಮಗೆ ಬೆಳೆ, ಇದರಲ್ಲಿ ನಷ್ಟ ಯಾರಿಗೆ ಸ್ವಾಮೀ?" ಎಂದು ನನ್ನನ್ನು ಕೇಳಿದರು. ಆ ಪ್ರಶ್ನೆಗೆ ಇಲ್ಲಿ ಉತ್ತರ ಕೊಡಲು ಯತ್ನಿಸಿದೆ.

ಕಡವೆ, ಕಾಟಿ, ಚಿರತೆ, ಪುನುಗುಬೆಕ್ಕು ಮೊದಲಾದವುಗಳ ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂತಹ ಒಂದು ಪೊರೆ ಇರುವುದು. ದೀಪದ ಬೆಳಕು ಅದಕ್ಕೆ ತಾಗಿ ಹಿಂದಿರುಗುವುದರಿಂದಲೇ ಆ ಕಣ್ಣುಗಳು ಹೊಳೆಯುವವು. ಹಂದಿಯ ಕಣ್ಣಿನಲ್ಲಿ ಈ ಪೊರೆಯಿಲ್ಲ. ಆದುದರಿಂದ ದೀಪದ ಬೇಟೆಯಲ್ಲಿ ಮೊದಲು ಕಣ್ಣಿಗೆ ಬೀಳತಕ್ಕದ್ದು ಬೆಳೆಯ ಮುಖ್ಯ ಶತ್ರುವಲ್ಲ. ಇಲಿಗಳನ್ನು ತಿನ್ನುವ ಪುನುಗುಬೆಕ್ಕೂ ಹಂದಿಮರಿಗಳನ್ನು ಹಿಡಿಯುವ ಚಿರತೆಯೂ ಸತ್ತರೆ ನಷ್ಟವು ಕೃಷಿಕನಿಗೇ. ಕಡವೆಯು ಒಂದು ಸಲಕ್ಕೆ ಸಾಧಾರಣವಾಗಿ ಒಂದೇ ಮರಿಯನ್ನು ಹಾಕುವುದು. ಹಂದಿಯಾದರೋ ನಾಲ್ಕು ತಿಂಗಳೊಳಗೆ ಗರ್ಭ ತೀರಿಸಿ ನಾಲ್ಕಾರು ಮರಿಗಳನ್ನು ಈಯುವುದು. ಹೀಗೆ ಈ ಬೇಟೆಯಿಂದ ಕಡವೆ ಕ್ಷಯಿಸುವುದೇ ಹೊರತು ಹಂದಿ ಕ್ಷಯಿಸುವುದಿಲ್ಲ.

ಇನ್ನೊಂದು ಸಂಗತಿಯುಂಟು. ಹಸುವಿನ ಕಣ್ಣಿನಲ್ಲಿಯೂ ಅದೇ ಪೊರೆ ಇರುವುದು. ಹಟ್ಟಿಗೆ ಬಾರದೆ ಗುಡ್ಡದಲ್ಲುಳಿದ ದನಕ್ಕೂ ಕಡವೆಗೂ ಕತ್ತಲೆಯಲ್ಲಿ ಭೇದ ತಿಳಿಯದು. ಗುರಿ ತಪ್ಪಿದ ಗುಂಡು ಎಲ್ಲಿ ಬೀಳುವುದೆಂಬುದನ್ನು ಹಾರಿಸಿದವನೂ ಕಾಣಲಾರನು. ಗದ್ದೆಯ ಬದಿಯ ಕಾವಲುಗುಡಿಸಲಿನಲ್ಲಿ ಆ ಹೊತ್ತಿನಲ್ಲಿ ನಮ್ಮದೇ ಆಳು ಎಚ್ಚತ್ತಿರುವನೆಂಬುದನ್ನು ಮಾಲಿಕರು ಮರೆಯಬಾರದು.

ವಾಹನದಿಂದಲೂ ಕಣ್ಣು ಕುಕ್ಕುವ ದೀಪದಿಂದಲೂ ಬೇಟೆಯಾಡುವುದು ಅನುಚಿತವೆಂದು 1933ರ ಲಂಡನ್ ಒಪ್ಪಂದದಲ್ಲಿಯೇ ಆಫ್ರಿಕಾ ಖಂಡದ ಮಟ್ಟಿಗೆ ಒಪ್ಪಲಾಗಿತ್ತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ಬೆಳೆ ರಕ್ಷಣೆಗಾಗಿ ಪಡೆದ ಕೋವಿಯ ಲೈಸೆನ್ಸು ಬೇಟೆಯ ಅಪ್ಪಣೆಯಲ್ಲ. ಬೆಳೆಗೆ ಅಪಾಯಕರವಾದ ಪ್ರಾಣಿಯನ್ನು ಕೊಲ್ಲುವುದಕ್ಕೂ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಆಜ್ಞೆ ಬೇಕು. ಅಪರಾಧಕ್ಕೆ ಬಳಸಿ ಜಪ್ತಿಯಾದ ವಾಹನವೂ ಕೋವಿಯೂ ಸರ್ಕಾರದ ಸ್ವತ್ತಾಗುವವು. ವನ್ಯಜೀವಿಧಾಮದೊಳಗಿನ ಬೇಟೆಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆಯುಂಟು. ತಿಳಿದು ಸಹಾಯ ಮಾಡಿದವನೂ ಅಪರಾಧಿಯೇ. ಎಂದರೆ, ದಾರಿ ಬಿಟ್ಟುಕೊಟ್ಟ ಮಾಲಿಕನೂ ಹೊಣೆಗಾರನಾಗುವನು.

ಹಾಗಾದರೆ ಮಾಡತಕ್ಕದ್ದೇನು?

1. ತೋಟದ ಅಂಚಿನ ಪೊದೆಗಳನ್ನು ಸವರಿ ಹಂದಿಗೆ ಹಗಲು ಮಲಗುವ ತಾಣವಿಲ್ಲದಂತೆ ಮಾಡಬೇಕು. ಅಗಳನ್ನು ಮಳೆಗಾಲದ ನಂತರ ದುರಸ್ತಿಪಡಿಸಬೇಕು.

2. ಸೂರ್ಯಶಕ್ತಿಯ ಬೇಲಿಯನ್ನು ನೆರೆಹೊರೆಯವರು ಕೂಡಿ ಹಾಕಿಸಿದರೆ ಖರ್ಚು ಹಂಚಿಹೋಗುವುದು. ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಎಂದಿಗೂ ಕೊಡಕೂಡದು. ಅದು ಮನುಷ್ಯರನ್ನೇ ಕೊಲ್ಲುವುದು.

3. ಭತ್ತವು ತೆನೆಗಟ್ಟಿದ ಮೇಲೆ ಸರದಿಯಂತೆ ಕಾವಲಿರಬೇಕು. ಬೆಳೆದ ಪೈರನ್ನು ಕೊಯ್ಯಲು ತಡಮಾಡಬಾರದು.

4. ಹಾನಿಯಾದೊಡನೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ಅರ್ಜಿ ಕೊಟ್ಟು ಪರಿಹಾರ ಕೇಳಬೇಕು. ಪರಿಶೀಲನೆಯಾಗುವವರೆಗೆ ಹಾನಿಯ ಗುರುತುಗಳನ್ನು ಅಳಿಸಬಾರದು.

5. ರಾತ್ರಿ ಅಪರಿಚಿತ ವಾಹನವೂ ದೀಪವೂ ಕಂಡುಬಂದಲ್ಲಿ ತಾವೇ ತಡೆಯಲು ಹೋಗದೆ ಅರಣ್ಯಾಧಿಕಾರಿಗಳಿಗಾಗಲಿ ಪೊಲೀಸರಿಗಾಗಲಿ ತಿಳಿಸಬೇಕು.

ಗ್ರಾಮದ ಮುಖ್ಯಸ್ಥರು ಈ ವಿಷಯವನ್ನು ಊರಿನ ಸಭೆಯಲ್ಲಿ ಪ್ರಸ್ತಾಪಿಸಿ, ತೋಟದ ದಾರಿಗಳ ಗೇಟುಗಳನ್ನು ರಾತ್ರಿ ಮುಚ್ಚಿಸುವ ಏರ್ಪಾಡು ಮಾಡಿದರೆ ಅರ್ಧ ಕೆಲಸವಾದಂತೆಯೇ. ಜೀಪಿನವರು ಬೆಳಗಾಗುವುದರೊಳಗೆ ಹೊರಟುಹೋಗುವರು. ಹಂದಿಯೂ ಹೊಣೆಯೂ ನಮ್ಮಲ್ಲಿಯೇ ಉಳಿಯುವವು.