ಹಕ್ಕಿಯ ಹಿಂದೆ ಹೊರಟವರಿಗೆ

ಹಕ್ಕಿಗಳ ಸಂಶೋಧನೆಗೆ ಹೊರಟಿರುವ ತಮ್ಮ-ತಂಗಿಯರೇ, ಹಣ ಕೇಳಲು ಸಂಕೋಚ ಬೇಡ. 1985ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಓರಿಯೆಂಟಲ್ ಬರ್ಡ್ ಕ್ಲಬ್ ಏಷ್ಯಾದ ಹಕ್ಕಿಗಳ ಕೆಲಸಕ್ಕೆ ಸಣ್ಣ ಅನುದಾನ ಕೊಡುತ್ತ ಬಂದಿದೆ. ಅಲ್ಲಿಯದೇ ರಫರ್ಡ್ ಫೌಂಡೇಶನ್ ನಮ್ಮಂಥ ದೇಶಗಳಲ್ಲಿ ವನ್ಯಜೀವಿ ಸಂರಕ್ಷಣೆಗೆ ಈಗಷ್ಟೇ ಕಾಲಿಟ್ಟವರ ಕೈಹಿಡಿಯುತ್ತದೆ.

ಅರ್ಜಿಯಲ್ಲಿ ಪ್ರಶ್ನೆ ಚಿಕ್ಕದಾಗಿರಲಿ. ‘ಕರ್ನಾಟಕದ ನೀರುಹಕ್ಕಿಗಳ ಅಧ್ಯಯನ’ ಎಂದು ಬರೆದರೆ ಓದುವವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೇ ನೋಡಿ. ಅಲ್ಲಿ ಹೆಜ್ಜಾರ್ಲೆಗಳು ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಯಾವ ಮರದಲ್ಲಿ ಎಷ್ಟು ಗೂಡು, ಅವುಗಳಲ್ಲಿ ಎಷ್ಟು ಮರಿಗಳು ರೆಕ್ಕೆ ಬಲಿತು ಹಾರಿದವು? ಒಂದು ಋತುವಿಗೆ ಇಷ್ಟು ಸಾಕು, ನಿಜಕ್ಕೂ ಸಾಕು. ಇ-ಬರ್ಡ್ ಜಾಲತಾಣದಲ್ಲಿ ಜನ ದಾಖಲಿಸಿದ ಹಕ್ಕಿಗಳ ಮಾಹಿತಿ ಉಚಿತವಾಗಿ ಸಿಗುತ್ತದೆ. ಅದನ್ನು ಮೊದಲೇ ಜಾಲಾಡಿ, ಅಲ್ಲಿಲ್ಲದ್ದನ್ನು ಹುಡುಕಿ.

ಖರ್ಚಿನ ಪಟ್ಟಿಯಲ್ಲಿ ದುಬಾರಿ ಕ್ಯಾಮೆರಾಕ್ಕಿಂತ ಮೊದಲು ಬಸ್ ಚಾರ್ಜು, ಊಟ, ಜೊತೆಗೆ ಓಡಾಡುವ ಊರಿನವರ ದಿನಗೂಲಿ ಬರಲಿ. ಅವರ ಕೂಲಿಯನ್ನು ಮಾತ್ರ ಎಂದೂ ಕಡಿಮೆ ಬರೆಯಬೇಡಿ; ಗೂಡು ತೋರಿಸುವ ಕಣ್ಣು ಅವರದು.

ಅಭಯಾರಣ್ಯದೊಳಗಿನ ಕೆಲಸವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು, ಹಕ್ಕಿಗಳು ಮಾತ್ರ ಕಾಯುವುದಿಲ್ಲ. ಹಣದ ಅರ್ಜಿಯ ಜೊತೆಯಲ್ಲೇ ಅನುಮತಿಯ ಅರ್ಜಿಯನ್ನೂ ಹಾಕಿ. ಶಿಫಾರಸು ಪತ್ರಕ್ಕೆ ಮೇಷ್ಟರನ್ನು ಕೊನೆಯ ದಿನ ಕಾಡದೆ ಒಂದು ತಿಂಗಳು ಮುಂಚೆ ಕೇಳಿ. ಹಣದ ಅರ್ಜಿ ತಿರಸ್ಕೃತವಾದರೆ ಕಾರಣವೇನೆಂದು ವಿನಯದಿಂದ ವಿಚಾರಿಸಿ, ತಿದ್ದಿ, ಮುಂದಿನ ಸುತ್ತಿಗೆ ಮತ್ತೆ ಕಳಿಸಿ.