ಎಲ್ಲರೂ ಎತ್ತಿಕೊಂಡ ಕೂಸಿನ ಲೆಕ್ಕ

ಬಾಗಲಕೋಟೆ ಕಡೆಯ ತುಂಬಿದ ಮನೆಯಲ್ಲಿ ಕೂಸಿಗೆ ಕಂಕುಳಿನ ಬರ ಇರುವುದಿಲ್ಲ. ಆಯಿಯ ಕಂಕುಳಿಂದ ದೊಡ್ಡವ್ವನ ಕಂಕುಳಿಗೆ, ಅಲ್ಲಿಂದ ಕಾಕಾನ ಹೆಗಲಿಗೆ, ಸಂಜೆಗೆ ಸಾಲಿ ಬಿಟ್ಟು ಬಂದ ಅಕ್ಕನ ಸೊಂಟಕ್ಕೆ. ಹತ್ತು ಮಂದಿ ನೋಡುವ ಕೂಸಿನ ಬೆಳವಣಿಗೆಯಲ್ಲಿ ಏನೂ ಕಣ್ತಪ್ಪಲಾರದು ಎಂದು ನಾವೆಲ್ಲ ನಂಬಿದ್ದೇವೆ. ಇಂಥ ಮನೆಯ ಬಾಳ್ವೆಯಲ್ಲಿ ನಾನು ಕಲಿತದ್ದು ಇದಕ್ಕೆ ತಿರುವುಮುರುವು. ಎತ್ತಿಕೊಳ್ಳುವವರು ಹೆಚ್ಚಿದಷ್ಟೂ ಗಮನಿಸುವ ಕೆಲಸ ಯಾರದೂ ಅಲ್ಲದಂತಾಗುತ್ತದೆ. ಮಾತು ಬಂದಿದೆಯೇ ಎಂದು ಕೇಳಿದರೆ 'ಭಾಳ ಮಾತಾಡ್ತೈತ್ರಿ' ಎಂದು ಎಲ್ಲರೂ ಹೇಳುತ್ತಾರೆ. ಯಾವ ಯಾವ ಮಾತು ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಎರಡನೆಯ ಹುಟ್ಟುಹಬ್ಬದ ದಿನವಾದರೂ ಈ ಚದುರಿದ ಲೆಕ್ಕ ಒಂದು ಕಡೆ ಕೂಡಬೇಕು, ಅದಕ್ಕೆ ಮನೆಯಲ್ಲಿ ಒಬ್ಬರು ಹೊಣೆಯಾಗಬೇಕು ಎಂಬುದು ನನ್ನ ವಾದ.

ಇದು ಹೊರಗಿನಿಂದ ತಂದ ಮಾತಲ್ಲ. ನಮ್ಮ ಶಾಸ್ತ್ರಗಳನ್ನೇ ನೋಡಿ. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವವಳು ಸೋದರತ್ತೆ. ಹೇಳಿದ್ದಕ್ಕೆ ಬೆನ್ನ ಮೇಲೆ ಗುದ್ದು ತಿನ್ನುವವಳೂ ಅವಳೇ. ಜವಳ ತೆಗೆಸುವಾಗ ಸೋದರಮಾವ ಬೇಕು. ಅಂದರೆ ಯಾವ ಕೆಲಸ ಯಾರದು ಎಂದು ಹಿರಿಯರು ಹೆಸರಿಟ್ಟು ಹಂಚಿದ್ದರು. 'ಯಾರಾದರೂ ಮಾಡ್ತಾರ' ಎಂದು ಬಿಟ್ಟಿದ್ದರೆ ಕೂಸಿಗೆ ಹೆಸರೇ ಇರುತ್ತಿರಲಿಲ್ಲವೇನೋ. ಆದರೆ ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುಂಚಿಗೆಯ ದಾರ ಗದ್ದದ ಕೆಳಗೆ ಕಟ್ಟಲು ಬಾರದಷ್ಟು ಕೂಸು ಬೆಳೆಯುವ ಹೊತ್ತಿಗೆ ಈ ಶಾಸ್ತ್ರಗಳು ಬಹುಮಟ್ಟಿಗೆ ಮುಗಿದಿರುತ್ತವೆ. ಸಂಕ್ರಾಂತಿಗೆ ಕರಿ ಎರೆಯುವುದು ಒಂದು ಉಳಿದಿರುತ್ತದೆ, ಅಷ್ಟೇ. ಓಡುವುದು, ಹತ್ತುವುದು, ಬೊಟ್ಟು ಮಾಡಿ ತೋರಿಸುವುದು, ಎರಡು ಮಾತು ಕೂಡಿಸುವುದು ಬರುವುದು ಆಮೇಲೆಯೇ. ಅವುಗಳನ್ನು ನೋಡಿಕೊಳ್ಳಲು ಅತ್ತೆಯೂ ಗೊತ್ತಾಗಿಲ್ಲ, ಮಾವನೂ ಗೊತ್ತಾಗಿಲ್ಲ.

ಎರಡನೆಯ ವರ್ಷವೇ ಏಕೆ? ಗರ್ಭದ 270 ದಿನಕ್ಕೆ ಎರಡು ವರ್ಷದ 730 ಕೂಡಿಸಿ ನೋಡಿ, ಸರಿಯಾಗಿ 1,000. ಮಿದುಳು, ಎಲುಬು, ಎತ್ತರ ಇವುಗಳ ಅಡಿಪಾಯ ಬೀಳುವುದು ಬಹುಪಾಲು ಈ ಸಾವಿರ ದಿನದಲ್ಲೇ. ಆಗ ಕುಗ್ಗಿದ ಎತ್ತರವನ್ನು ಮುಂದೆ ತುಂಬಿಕೊಳ್ಳುವುದು ಕಷ್ಟ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಇವರೆಲ್ಲ ಒಂಟಿ ಮನೆಯ ಮಕ್ಕಳೇನಲ್ಲ. ದಡಾರ-ರುಬೆಲ್ಲಾದ ಎರಡನೆಯ ಡೋಸು, ಡಿಪಿಟಿ ಬೂಸ್ಟರ್ ಹಾಕಿಸಬೇಕಾದ್ದು 16ರಿಂದ 24 ತಿಂಗಳೊಳಗೆ. ಇನ್ನೊಂದು ಸಣ್ಣ ಸಂಗತಿ ನನಗೆ ಬಹಳ ಹಿಡಿಸಿತು: ಎರಡು ವರ್ಷ ತುಂಬುವವರೆಗೆ ಕೂಸನ್ನು ಮಲಗಿಸಿ ಉದ್ದ ಅಳೆಯುತ್ತಾರೆ, ತುಂಬಿದ ಮೇಲೆ ನಿಲ್ಲಿಸಿ ಎತ್ತರ ಅಳೆಯುತ್ತಾರೆ. ನಿಂತರೆ ಅಳತೆ ಸುಮಾರು 0.7 ಸೆಂಟಿಮೀಟರ್ ಕಡಿಮೆ ಬರುತ್ತದೆ. ಗೊತ್ತಿಲ್ಲದ ಆಯಿ 'ಕೂಸು ಗಿಡ್ಡಾಗೇತಿ' ಎಂದು ಗಾಬರಿಯಾಗಬಾರದು.

ಎತ್ತರ, ತೂಕವನ್ನು ಅಂಗನವಾಡಿಯವರು ಅಳೆದಾರು. ಮಾತಿನ ಲೆಕ್ಕ ಮಾತ್ರ ಮನೆಯವರೇ ಇಡಬೇಕಾದದ್ದು, ಅಲ್ಲೇ ದೊಡ್ಡ ಸಂಸಾರ ಎಡವುವುದು. ಇಲ್ಲಿ ಕೂಸು ಬಾಯಿ ತೆರೆಯುವ ಮೊದಲೇ ಕೈಗೆ ರೊಟ್ಟಿ ಚೂರು ಬಂದಿರುತ್ತದೆ. ಕೇಳುವ ಅಗತ್ಯವೇ ಬೀಳುವುದಿಲ್ಲ. ಎರಡು ವರ್ಷಕ್ಕೆ ಎರಡು ಮಾತು ಕೂಡಿಸಬೇಕೆಂದು ವೈದ್ಯರು ಹೇಳುತ್ತಾರೆ. 'ಅವ್ವಾ ಬಾ', 'ನೀರ ಬೇಕ' ಎಂಬಷ್ಟು ಸಾಕು. (ಈ ಅಳತೆ ಮಾಡಿದವರಿಗೆ ನಮ್ಮ 'ಒಲ್ಲೆ' ಗೊತ್ತಿರಲಿಕ್ಕಿಲ್ಲ. ಯಾರು ಎಂಬುದೂ, ಬೇಡ ಎಂಬುದೂ, ಹಟವೂ ಒಂದೇ ಮಾತಿನಲ್ಲಿ!) ಮಾತು ತಡವಾದಾಗ ಮೊದಲು ನೋಡಬೇಕಾದ್ದು ಕಿವಿಯನ್ನು. ಕಿವುಡು ಕೂಸು ತುಂಬಿದ ಮನೆಯಲ್ಲಿ ಬೇಗ ಸಿಕ್ಕಿಬೀಳುವುದಿಲ್ಲ. 'ಮುತ್ಯಾ ಬಂದಾ' ಎಂದಾಗ ಉಳಿದ ನಾಲ್ಕು ಮಕ್ಕಳು ಬಾಗಿಲ ಕಡೆ ಓಡುತ್ತವೆ, ಅವುಗಳ ಹಿಂದೆ ಅದೂ ಓಡುತ್ತದೆ. ನೋಡಿದವರಿಗೆ ಅದು ಕೇಳಿಸಿಕೊಂಡಂತೆಯೇ ಕಾಣುತ್ತದೆ. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇನ್ನೂ ಇದೆ. ರಕ್ತಸಂಬಂಧದ ಮದುವೆಯಲ್ಲಿ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚು. ಆದ್ದರಿಂದ ನಮ್ಮ ಮನೆಗಳಿಗೆ ಈ ಪರೀಕ್ಷೆ ಇನ್ನಷ್ಟು ಅಗತ್ಯ. ಕೂಸಿನ ಬೆನ್ನ ಹಿಂದೆ ನಿಂತು, ಬೇರೆ ಮಕ್ಕಳಿಲ್ಲದಾಗ, ಮೆಲ್ಲಗೆ ಹೆಸರು ಹಿಡಿದು ಕರೆಯಬೇಕು. ತಿರುಗಿ ನೋಡದಿದ್ದರೆ ಆಸ್ಪತ್ರೆಗೆ ಒಯ್ಯಬೇಕು; ತಿರುಗಿದರೂ ಮಾತು ಬಾರದಿದ್ದರೆ ಆಗಲೂ ಒಯ್ಯಬೇಕು. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿದರೂ ಆದೀತು. 2013ರಿಂದ ನಡೆದಿರುವ ಈ ಯೋಜನೆಯ ಪಟ್ಟಿಯಲ್ಲಿ ಕಿವುಡೂ ಇದೆ, ಮಾತಿನ ತಡವೂ ಇದೆ. ಆದರೆ ತಂಡದವರು ಕೇಳಿದಾಗ ಉತ್ತರ ಹೇಳಬಲ್ಲವರು ಒಬ್ಬರು ಬೇಕಲ್ಲ?

ಇದಕ್ಕೆ ಬರುವ ಮೊದಲ ಆಕ್ಷೇಪ, ಲೆಕ್ಕ ಇಟ್ಟರೆ ಹೋಲಿಕೆ ಶುರುವಾಗುತ್ತದೆ ಎಂಬುದು. ನ್ಯಾಯವಾದ ಅಳುಕೇ. ಹುನಗುಂದದ ಮೊಮ್ಮಗ ಹತ್ತು ತಿಂಗಳಿಗೆ ನಡೆದ, ಬಾದಾಮಿಯ ಮೊಮ್ಮಗಳು ವರ್ಷ ದಾಟಿದರೂ ನಡೆದಿಲ್ಲ ಎಂಬ ಮಾತಿಗೆ ಎಷ್ಟೋ ಸೊಸೆಯರು ಕಣ್ಣೀರು ಹಾಕಿದ್ದಾರೆ. ಆದರೆ ಹೀಗೆ ಹೋಲಿಸುವವರ ಬಳಿ ಲೆಕ್ಕವೇ ಇರುವುದಿಲ್ಲ, ಪಕ್ಕದ ಕೂಸೊಂದೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಹೇಳಿದ್ದೇನು? ತಾನಾಗಿ ನಡೆಯುವುದಕ್ಕೆ 8.2 ತಿಂಗಳಿಂದ 17.6 ತಿಂಗಳವರೆಗೆ ಯಾವಾಗಲಾದರೂ ಸರಿ. ಅಂಬೆಗಾಲಿಕ್ಕದೆಯೇ ನಡೆದ ಮಕ್ಕಳೂ ಅದರಲ್ಲಿದ್ದವು. ಒಂಬತ್ತು ತಿಂಗಳ ಈ ಅಂತರ ತಿಳಿದರೆ ಬಾದಾಮಿಯ ಸೊಸೆ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾಳೆ.

ಎರಡನೆಯದು, ನಮ್ಮ ಹಿರಿಯರು ಏನೂ ಬರೆದಿಡಲಿಲ್ಲ, ನಾವು ಬೆಳೆಯಲಿಲ್ಲವೇ ಎಂಬ ಮಾತು. ಬೆಳೆದವರು ಮಾತ್ರ ಈ ಮಾತು ಆಡಲು ಉಳಿದಿದ್ದಾರೆ. 1971ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವ ಮೊದಲೇ ತೀರುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28ಕ್ಕೆ ಇಳಿಯಿತು. ಬರೆದಿಡದಿದ್ದುದಕ್ಕೆ ಸಾಕ್ಷಿ ಬೇಕಾದರೆ ಸಾಲಿಯ ದಾಖಲೆ ತೆಗೆದು ನೋಡಿ, ಊರಿನ ಅರ್ಧ ಹಿರಿಯರು ಜೂನ್ 1ರಂದೇ ಹುಟ್ಟಿದ್ದಾರೆ. ದೃಷ್ಟಿಯಾದೀತೆಂಬ ಅಂಜಿಕೆಗೆ ನನ್ನ ತಕರಾರಿಲ್ಲ. ತೂಕವನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ತಾಯಿ ಕಾರ್ಡಿನಲ್ಲಿ ಒಂದು ಚುಕ್ಕೆ ಇಟ್ಟರೆ ಸಾಕು. ಕೂಸಿನ ಗಲ್ಲಕ್ಕೂ ಒಂದು ಕರಿ ಚುಕ್ಕೆ ಇಡಿ.

ಹೊಣೆ ಯಾರಿಗೆ? ತಾಯಿಗೇ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ದೊಡ್ಡ ಸಂಸಾರದಲ್ಲಿ ಕೂಸಿನ ಇಡೀ ದಿನ ಕಾಣದವಳೇ ಅವಳು. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದ ಸಂಸಾರಗಳಲ್ಲಿ ಅಣ್ಣನ ಮನೆ ಒಂದು ಸೆಕ್ಟರಿನಲ್ಲಿ, ತಮ್ಮನದು ಮತ್ತೊಂದರಲ್ಲಿ. ಕೂಸು ಉಣ್ಣುವುದು ಇಲ್ಲಿ, ಮಲಗುವುದು ಅಲ್ಲಿ. ಇಳಕಲ್ಲಿನ ನೇಕಾರರ ಮನೆಯಲ್ಲಾದರೆ ಕುಣಿಮಗ್ಗದ ಮುತ್ಯಾನೇ ಒಳ್ಳೆಯ ಸಾಕ್ಷಿ. ಕಾಲು ಕುಣಿಯೊಳಗೆ ಇಳಿಬಿಟ್ಟು ಕೂತವನ ಕಣ್ಣು ಹೆಚ್ಚುಕಡಿಮೆ ಎರಡು ವರ್ಷದ ಕೂಸಿನ ಕಣ್ಣಿನ ಮಟ್ಟಕ್ಕೇ ಇರುತ್ತದೆ. ಹೆಜ್ಜೆ ಹೇಗೆ ಊರುತ್ತದೆ, ಯಾವ ಕೈ ಮುಂದೆ ಬರುತ್ತದೆ, ಎಲ್ಲ ಅವನಿಗೆ ಕಾಣುತ್ತದೆ. ಆರತಿ ಆದ ಮೇಲೆ, ಕೇಕಿಗೆ ಚಾಕು ಹಾಕುವ ಮುಂಚೆ, ಹೊಣೆ ಹೊತ್ತವರು ತಾಯಿ ಕಾರ್ಡು, ಒಂದು ಪೆನ್ನು ಹಿಡಿದು ಪಡಸಾಲೆಯಲ್ಲಿ ಕೂತು ಒಬ್ಬೊಬ್ಬರನ್ನೇ ಕೇಳಲಿ: ನಿನ್ನ ಮುಂದೆ ಯಾವ ಮಾತು ಆಡಿತು? ಆಯಿ ನಾಲ್ಕು ಹೇಳಿಯಾಳು, ಕಾಕಾ ತನ್ನ ಹೆಸರೊಂದನ್ನೇ ಹೇಳಿಯಾನು. ಆರು ವರ್ಷದ ಅಕ್ಕನನ್ನು ಮಾತ್ರ ಕೊನೆಗೆ ಕೇಳಬೇಕು. ಅವಳ ಪಟ್ಟಿ ಉದ್ದ ಇರುತ್ತದೆ, ಅದರಲ್ಲಿ ದೊಡ್ಡವರ್‍ಯಾರೂ ತಾವು ಕಲಿಸಿದ್ದೆಂದು ಒಪ್ಪಿಕೊಳ್ಳದ ಎರಡು ಬೈಗುಳವೂ ಇರುತ್ತವೆ.